ಪಾಠಕ್ಕೆ ಮೊದಲು ಪಾಸ್‌ಪೋರ್ಟ್

ಜಪಾನಿನ ಶಾಲೆಗಳಲ್ಲಿ ಇಂಗ್ಲಿಷ್ ಕಲಿಸಲು ವೀಸಾ ಕೇಳುವವರ ಮುಂದೆ ಅಲ್ಲಿನ ವಲಸೆ ಇಲಾಖೆ ಒಂದು ಲೆಕ್ಕ ಇಡುತ್ತದೆ. ಯಾವ ಭಾಷೆ ಕಲಿಸುತ್ತೀರೋ ಆ ಭಾಷೆಯ ಮಾಧ್ಯಮದಲ್ಲೇ ನೀವು ಕನಿಷ್ಠ 12 ವರ್ಷ ಓದಿರಬೇಕು. ತಿಪಟೂರಿನ ಸರ್ಕಾರಿ ಶಾಲೆಯಲ್ಲಿ ಹತ್ತನೇ ತರಗತಿವರೆಗೂ ಕನ್ನಡ ಮಾಧ್ಯಮದಲ್ಲಿ ಓದಿ, ಆಮೇಲೆ ಮಾನಸಗಂಗೋತ್ರಿಯಲ್ಲಿ ಇಂಗ್ಲಿಷ್ ಎಂ.ಎ.ಗೆ ಚಿನ್ನದ ಪದಕ ಗೆದ್ದ ಹುಡುಗಿಯನ್ನು ಊಹಿಸಿಕೊಳ್ಳಿ. ಪಿಯುಸಿ ಎರಡು, ಪದವಿ ಮೂರು, ಎಂ.ಎ. ಎರಡು, ಬಿ.ಎಡ್. ಎರಡು. ಎಲ್ಲ ಕೂಡಿಸಿದರೂ ಒಂಬತ್ತೇ. ಅದೇ ಊರಿನ ಕಾನ್ವೆಂಟಿನಲ್ಲಿ ಒಂದನೇ ತರಗತಿಯಿಂದ ಓದಿ, ಸೆಕೆಂಡ್ ಕ್ಲಾಸಿನಲ್ಲಿ ಪಾಸಾಗುತ್ತ ಬಂದವನು ಪಿಯುಸಿಗೇ ಹನ್ನೆರಡು ಮುಟ್ಟಿರುತ್ತಾನೆ. ಇಬ್ಬರಲ್ಲಿ ಯಾರು ಚೆನ್ನಾಗಿ ಪಾಠ ಮಾಡುತ್ತಾರೆ ಎಂಬ ಪ್ರಶ್ನೆಗೆ ಆ ಅರ್ಜಿಯಲ್ಲಿ ಕಾಲಂ ಇಲ್ಲ.

ಬಿ.ಎಡ್. ಮುಗಿಸಿದ ವರ್ಷವೇ 'ಫಾರಿನ್ನಿನಲ್ಲಿ ಟೀಚಿಂಗ್' ಎಂದು ಮೊಬೈಲಿನಲ್ಲಿ ಹುಡುಕಲು ಕೂರುವವರು ಮೊದಲು ತಿಳಿಯಬೇಕಾದದ್ದು ಇದನ್ನೇ. ಗಡಿ ದಾಟಿದ ಮೇಲೆ ಇಂಗ್ಲಿಷ್ ಶಿಕ್ಷಕ ಎಂದರೆ ಯಾರು ಎಂಬುದನ್ನು ಶಾಲೆಗಿಂತ ಮುಂಚೆ ಆ ದೇಶದ ವೀಸಾ ನಿಯಮ ತೀರ್ಮಾನ ಮಾಡಿರುತ್ತದೆ. ಯೂಟ್ಯೂಬಿನಲ್ಲಿ ಸಂಬಳದ ಅಂಕಿ, ಸಮುದ್ರತೀರದ ಫೋಟೊ ನೋಡಿ ದೇಶ ಆರಿಸಿಕೊಂಡು, ಕೋರ್ಸಿಗೆ ದುಡ್ಡು ಕಟ್ಟಿ, ಕೊನೆಗೆ ನಿಯಮ ಓದುವವರೇ ಹೆಚ್ಚು. ಈ ಕ್ರಮ ತಲೆಕೆಳಗಾಗಬೇಕು.

ಇನ್ನೊಂದು ಗೊಂದಲವೂ ಇದೆ. ಹೊರದೇಶದ ಇಂಗ್ಲಿಷ್ ಬೋಧನೆ ಒಂದು ಕಸುಬಲ್ಲ, ಎರಡು. ಒಂದು ಶಾಲಾ ಶಿಕ್ಷಕರದು: ದುಬೈ, ಮಸ್ಕತ್, ಕುವೈತ್, ಮಾಲ್ಡೀವ್ಸ್‌ನಂಥ ಕಡೆ ತರಗತಿ, ಪಠ್ಯಪುಸ್ತಕ, ಪರೀಕ್ಷೆ, ಪೇರೆಂಟ್ಸ್ ಮೀಟಿಂಗು. ಅಲ್ಲಿ ಬಿ.ಎಡ್.ಗೆ ಬೆಲೆ. ಇನ್ನೊಂದು ಇಂಗ್ಲಿಷ್ ಬಾರದವರಿಗೆ ಇಂಗ್ಲಿಷ್ ಕಲಿಸುವ ಭಾಷಾ ಕೇಂದ್ರಗಳದು: ಹನೋಯ್, ಬ್ಯಾಂಕಾಕ್, ಸೋಲ್ ನಗರಗಳಲ್ಲಿ ಸಂಜೆ ಹೊತ್ತು ಶಾಲೆ ಬಿಟ್ಟ ಮಕ್ಕಳು, ಆಫೀಸು ಬಿಟ್ಟ ದೊಡ್ಡವರು ಬಂದು ಕೂರುವ ಕೋಣೆಗಳು. ಇಲ್ಲಿ ಕೇಳುವುದು ಟೆಫಲ್, ಟೆಸಾಲ್, ಸೆಲ್ಟಾ ಎಂಬ ಹೆಸರಿನ ಸರ್ಟಿಫಿಕೇಟುಗಳನ್ನು. ಒಂದರ ಕಾಗದ ಹಿಡಿದು ಇನ್ನೊಂದರ ಬಾಗಿಲು ಬಡಿದರೆ ಉತ್ತರ ಬರುವುದು ಅಪರೂಪ.

ಈ ಸರ್ಟಿಫಿಕೇಟುಗಳ ಕತೆ ಸ್ವಲ್ಪ ವಿವರವಾಗಿ ಹೇಳಬೇಕು, ಹೆಚ್ಚು ದುಡ್ಡು ಪೋಲಾಗುವುದು ಇಲ್ಲೇ. 1962ರಲ್ಲಿ ಲಂಡನ್ನಿನ ಇಂಟರ್‌ನ್ಯಾಷನಲ್ ಹೌಸ್ ಎಂಬ ಭಾಷಾ ಶಾಲೆಯಲ್ಲಿ ಜಾನ್ ಹೇಕ್ರಾಫ್ಟ್ ಶಿಕ್ಷಕರಿಗಾಗಿ ಒಂದು ಚಿಕ್ಕ ತರಬೇತಿ ಶುರು ಮಾಡಿದರು. ಭಾಷಣ ಕಡಿಮೆ, ನಿಜವಾದ ವಿದ್ಯಾರ್ಥಿಗಳ ಮುಂದೆ ನಿಂತು ಪಾಠ ಮಾಡುವುದು ಜಾಸ್ತಿ. ಅದೇ ಬೆಳೆಯುತ್ತ ಬೆಳೆಯುತ್ತ ಇವತ್ತಿನ ಕೇಂಬ್ರಿಜ್ ಸೆಲ್ಟಾ ಆಯಿತು. ಕನಿಷ್ಠ 120 ಗಂಟೆಯ ಕೋರ್ಸು, ಅದರಲ್ಲಿ ಆರು ಗಂಟೆ ನೀವು ಪಾಠ ಮಾಡುವಾಗ ತರಬೇತುದಾರರು ಹಿಂದಿನ ಬೆಂಚಿನಲ್ಲಿ ಕೂತು ಬರೆದುಕೊಳ್ಳುತ್ತಾರೆ. ಲಂಡನ್ನಿನ ಟ್ರಿನಿಟಿ ಕಾಲೇಜಿನ ಸರ್ಟ್ ಟೆಸಾಲ್ ಕೂಡ ಇದೇ ದರ್ಜೆಯದು. ಖರ್ಚು ಲಕ್ಷ ರೂಪಾಯಿ ದಾಟುತ್ತದೆ.

ಈ '120 ಗಂಟೆ' ಎಂಬ ಸಂಖ್ಯೆ ಮಾತ್ರ ಕಳಚಿಕೊಂಡು ಬಂದು ಬೇರೆಯದೇ ವ್ಯಾಪಾರವಾಗಿದೆ. ಟೆಫಲ್ ಎಂಬ ಹೆಸರಿಗೆ ಒಡೆಯರಿಲ್ಲ, ಯಾರು ಬೇಕಾದರೂ ಆ ಹೆಸರಿನ ಸರ್ಟಿಫಿಕೇಟು ಮುದ್ರಿಸಬಹುದು. ಶೇ 80 ರಿಯಾಯಿತಿ, ಇವತ್ತು ರಾತ್ರಿ ಹನ್ನೆರಡಕ್ಕೆ ಮುಕ್ತಾಯ ಎಂಬ ಜಾಹೀರಾತಿನಲ್ಲಿ ಬರುವ ಆನ್‌ಲೈನ್ ಕೋರ್ಸುಗಳಲ್ಲಿ 120 ಗಂಟೆ ಇರುತ್ತದೆ, ಒಬ್ಬ ವಿದ್ಯಾರ್ಥಿಯ ಮುಖವೂ ಇರುವುದಿಲ್ಲ. (ಆ ರಿಯಾಯಿತಿ ಮರುದಿನ ರಾತ್ರಿಯೂ ಹನ್ನೆರಡಕ್ಕೇ ಮುಗಿಯುತ್ತದೆ.) ಕೆಲವು ದೇಶಗಳಲ್ಲಿ ವೀಸಾ ಕಡತಕ್ಕೆ ಅಷ್ಟೇ ಸಾಕಾಗಬಹುದು. ಆದರೆ ಬಿ.ಎಡ್. ಇದ್ದವರು ಗಲ್ಫ್ ಶಾಲೆಗೆ ಹೋಗಲೆಂದು ಇದಕ್ಕೆ ದುಡ್ಡು ಸುರಿಯುವುದು ವ್ಯರ್ಥ. ಅಲ್ಲಿ ಅದನ್ನು ಕೇಳುವವರು ಕಡಿಮೆ.

ಇನ್ನು ಪಾಸ್‌ಪೋರ್ಟಿನ ವಿಷಯ. ದಕ್ಷಿಣ ಕೊರಿಯಾ ಇಂಗ್ಲಿಷ್ ಬೋಧಕರಿಗೆ ಕೊಡುವ ಇ-2 ವೀಸಾ ಏಳು ದೇಶಗಳವರಿಗೆ ಮೀಸಲು: ಅಮೆರಿಕ, ಬ್ರಿಟನ್, ಐರ್ಲೆಂಡ್, ಕೆನಡಾ, ಆಸ್ಟ್ರೇಲಿಯಾ, ನ್ಯೂಜಿಲೆಂಡ್, ದಕ್ಷಿಣ ಆಫ್ರಿಕಾ. ದಕ್ಷಿಣ ಆಫ್ರಿಕಾದಲ್ಲಿ ಮನೆಯೊಳಗೆ ಇಂಗ್ಲಿಷ್ ಆಡುವವರು ಹತ್ತರಲ್ಲಿ ಒಬ್ಬರ ಆಸುಪಾಸು ಎಂಬುದು ಬೇರೆ ಮಾತು. ಭಾರತೀಯರಿಗೆ ಇಲ್ಲೊಂದು ಕಿರುದಾರಿ ಇದೆ. 2010ರ ಜನವರಿ 1ರಿಂದ ಜಾರಿಗೆ ಬಂದ ಭಾರತ–ಕೊರಿಯಾ ಆರ್ಥಿಕ ಒಪ್ಪಂದದಲ್ಲಿ, ಇಂಗ್ಲಿಷಿನಲ್ಲಿ ಪದವಿಯೂ ಶಿಕ್ಷಕರ ಅರ್ಹತೆಯೂ ಇರುವ ಭಾರತೀಯರು ಅಲ್ಲಿನ ಶಾಲೆಗಳಲ್ಲಿ ಸಹಾಯಕ ಇಂಗ್ಲಿಷ್ ಶಿಕ್ಷಕರಾಗಲು ಅವಕಾಶವಿದೆ. ಕಾಗದದಲ್ಲಿ ಇರುವಷ್ಟು ಅಗಲ ಆ ದಾರಿ ನೆಲದ ಮೇಲೆ ಇಲ್ಲ. ಕರೆದುಕೊಳ್ಳುವ ಶಾಲೆ ಸಿಗಬೇಕು, ಶಾಲೆಗಳಿಗೋ ಆ ಏಳು ದೇಶಗಳ ಪಟ್ಟಿಯೇ ರೂಢಿ. ಚೀನಾದ ನಿಯಮವೂ ಭಾಷೆ ಕಲಿಸುವವರು ಆ ಭಾಷೆ ತಾಯ್ನುಡಿಯಾಗಿರುವ ದೇಶದವರೇ ಆಗಿರಬೇಕು ಎಂಬ ಕಡೆಗೇ ವಾಲುತ್ತದೆ. ಅಲ್ಲಿನ ಟ್ಯೂಷನ್ ಮಾರುಕಟ್ಟೆಯ ಸೊಂಟವನ್ನೇ 2021ರ ಜುಲೈನಲ್ಲಿ ಸರ್ಕಾರ ಮುರಿಯಿತು. ಶಾಲಾ ವಿಷಯಗಳ ಖಾಸಗಿ ಪಾಠದಿಂದ ಲಾಭ ಮಾಡಕೂಡದು ಎಂಬ ಆದೇಶಕ್ಕೆ ದೊಡ್ಡ ದೊಡ್ಡ ಇಂಗ್ಲಿಷ್ ಕಂಪನಿಗಳೇ ಮಗುಚಿಕೊಂಡವು.

ಇಂಗ್ಲಿಷಿನ ತವರಿನಲ್ಲಂತೂ ತಮಾಷೆಯೇ ನಡೆದಿದೆ. ಇಂಗ್ಲೆಂಡಿನಲ್ಲಿ ಶಿಕ್ಷಕರ ಕೊರತೆ ಎಂದು 2023ರ ಫೆಬ್ರುವರಿಯಲ್ಲಿ ಭಾರತವೂ ಸೇರಿ ಕೆಲವು ದೇಶಗಳ ಶಿಕ್ಷಕರು ಅಲ್ಲಿನ 'ಅರ್ಹ ಶಿಕ್ಷಕ' ಮಾನ್ಯತೆಗೆ ನೇರ ಅರ್ಜಿ ಹಾಕಲು ಬಿಟ್ಟರು. ಭಾರತದವರಿಗೆ ಹಾಕಿದ ಷರತ್ತು: ಗಣಿತ, ವಿಜ್ಞಾನ ಅಥವಾ ವಿದೇಶಿ ಭಾಷೆ ಕಲಿಸುವವರಾಗಿರಬೇಕು. ಧಾರವಾಡದ ಫಿಸಿಕ್ಸ್ ಮೇಡಂಗೆ ತೆರೆದ ಬಾಗಿಲು ಅದೇ ಸ್ಟಾಫ್‌ರೂಮಿನ ಇಂಗ್ಲಿಷ್ ಮೇಡಂಗೆ ತೆರೆಯಲಿಲ್ಲ.

ಇದಕ್ಕಿಂತ ದೊಡ್ಡ ವ್ಯಂಗ್ಯ ನಮ್ಮ ಬೆಂಗಳೂರಿನ ಹೆಸರಿಗೇ ಅಂಟಿಕೊಂಡಿದೆ. ಇಂಗ್ಲಿಷ್ ಬೋಧನೆಯ ಯಾವುದೇ ಗಟ್ಟಿ ಡಿಪ್ಲೊಮಾದಲ್ಲಿ 'ಬ್ಯಾಂಗಲೋರ್ ಪ್ರಾಜೆಕ್ಟ್' ಎಂಬ ಪಾಠ ಬರುತ್ತದೆ. 1979ರಿಂದ 1984ರವರೆಗೆ ಎನ್.ಎಸ್. ಪ್ರಭು ಮತ್ತು ಅವರ ಜೊತೆಗಾರರು ಬೆಂಗಳೂರು, ಮದ್ರಾಸು, ಕಡಲೂರಿನ ಕೆಲವು ಸಾಮಾನ್ಯ ಶಾಲೆಗಳಲ್ಲಿ ನಡೆಸಿದ ಪ್ರಯೋಗವದು. ವ್ಯಾಕರಣದ ನಿಯಮ ಉರುಹೊಡೆಸುವುದನ್ನು ಬಿಟ್ಟು ಮಕ್ಕಳ ಮುಂದೆ ರೈಲಿನ ವೇಳಾಪಟ್ಟಿ ಇಟ್ಟರು, ನಕ್ಷೆ ಇಟ್ಟರು. ಇಷ್ಟು ಹೊತ್ತಿಗೆ ಹೊರಟರೆ ಯಾವ ಗಾಡಿ ಸಿಗುತ್ತದೆ, ಯಾವ ದಾರಿ ಹತ್ತಿರ ಎಂದು ಇಂಗ್ಲಿಷಿನಲ್ಲೇ ಲೆಕ್ಕ ಹಾಕಿಸಿದರು. ಅರ್ಥದ ಮೇಲೆ ಗಮನವಿದ್ದಾಗ ವ್ಯಾಕರಣ ತಾನಾಗಿ ಮನಸ್ಸಿಗೆ ಇಳಿಯುತ್ತದೆ ಎಂಬುದು ಅವರ ನಂಬಿಕೆ. ಇದನ್ನು ಪ್ರಭು 1987ರಲ್ಲಿ 'ಸೆಕೆಂಡ್ ಲ್ಯಾಂಗ್ವೇಜ್ ಪೆಡಗಾಜಿ' ಎಂಬ ಪುಸ್ತಕದಲ್ಲಿ ವಿವರಿಸಿದರು. ಇವತ್ತು ಜಗತ್ತಿನಾದ್ಯಂತ ನಡೆಯುವ ಚಟುವಟಿಕೆ ಆಧಾರಿತ ಭಾಷಾ ಬೋಧನೆಯ ಮೊದಲ ಕಲ್ಲುಗಳಲ್ಲಿ ಇದೊಂದು. ಆ ಪ್ರಯೋಗದ ಜೊತೆ ನಂಟಿದ್ದ, 1963ರಲ್ಲಿ ಶುರುವಾದ ದಕ್ಷಿಣ ಭಾರತ ಪ್ರಾದೇಶಿಕ ಇಂಗ್ಲಿಷ್ ಸಂಸ್ಥೆ ಈಗಲೂ ಜ್ಞಾನಭಾರತಿಯಲ್ಲಿದೆ. ಸೋಲ್‌ನ ತರಬೇತಿ ಕೇಂದ್ರದಲ್ಲಿ ಐರ್ಲೆಂಡಿನ ಹುಡುಗನೊಬ್ಬ ಬ್ಯಾಂಗಲೋರ್ ಪ್ರಾಜೆಕ್ಟ್ ಬಗ್ಗೆ ಟಿಪ್ಪಣಿ ಬರೆದು ಪಾಸಾಗಬಹುದು. ಬೆಂಗಳೂರಿನ ಹುಡುಗಿಯ ಅರ್ಜಿ ಅದೇ ಸೋಲ್‌ನಲ್ಲಿ ಮೊದಲ ಜರಡಿಯಲ್ಲೇ ಬಿದ್ದುಹೋಗುತ್ತದೆ. ಅಮೆರಿಕದಲ್ಲಿ ಪ್ರಾಧ್ಯಾಪಕರಾಗಿದ್ದ ಕಾಶ್ಮೀರದ ಬ್ರಜ್ ಕಛ್ರು 1985ರಲ್ಲೇ ಇಂಗ್ಲಿಷಿನ ಜಗತ್ತನ್ನು ಮೂರು ವರ್ತುಲಗಳಾಗಿ ಬಿಡಿಸಿಟ್ಟು, ಭಾರತದಂಥ ದೇಶಗಳ ಇಂಗ್ಲಿಷಿಗೂ ಅದರದೇ ಹಕ್ಕಿದೆ ಎಂದು ವಾದಿಸಿದ್ದರು. ವಿದ್ವಾಂಸರು ಒಪ್ಪಿದರು. ವೀಸಾ ಕೌಂಟರಿಗೆ ಆ ಸುದ್ದಿ ಮುಟ್ಟಿಲ್ಲ.

ಹಾಗಾದರೆ ಪೂರ್ವ ಏಷ್ಯಾ ಪೂರ್ತಿ ಮುಚ್ಚಿದೆಯೇ? ಇಲ್ಲ. ವಿಯೆಟ್ನಾಂ, ಥಾಯ್ಲೆಂಡ್, ಕಾಂಬೋಡಿಯಾಗಳಲ್ಲಿ ಭಾರತೀಯರು, ಅವರಿಗಿಂತ ಎಷ್ಟೋ ಹೆಚ್ಚಾಗಿ ಫಿಲಿಪ್ಪೀನ್ಸಿನವರು ಇಂಗ್ಲಿಷ್ ಕಲಿಸುತ್ತಿದ್ದಾರೆ. ವಿಯೆಟ್ನಾಮಿನಲ್ಲಿ ಪದವಿ, ಬೋಧನಾ ಸರ್ಟಿಫಿಕೇಟಿನ ಜೊತೆಗೆ ಇಂಗ್ಲಿಷ್ ತಾಯ್ನುಡಿಯಲ್ಲದ ದೇಶದವರಿಗೆ ಭಾಷಾ ಪರೀಕ್ಷೆಯ ಅಂಕವೂ ಬೇಕು. ಥಾಯ್ಲೆಂಡಿನಲ್ಲಿ ಶಿಕ್ಷಕರಿಗೆ 'ಖುರುಸಫಾ' ಎಂಬ ಮಂಡಳಿಯ ಪರವಾನಗಿ ಬೇಕು, ಅದಿಲ್ಲದವರು ತಾತ್ಕಾಲಿಕ ವಿನಾಯಿತಿಯಲ್ಲಿ ಕಲಿಸುತ್ತಾರೆ. ಶಿಕ್ಷಣದ ಪದವಿ ಇದ್ದವರಿಗೆ ಆ ಪರವಾನಗಿ ಸುಲಭ. ಇಲ್ಲಿ ನಮ್ಮ ಬಿ.ಎಡ್. ಕೈಹಿಡಿಯುತ್ತದೆ. ಆದರೆ ಒಂದೇ ಶಾಲೆಯ ಒಂದೇ ಪಾಠಕ್ಕೆ ಬ್ರಿಟನ್ನಿನವನಿಗೊಂದು ಸಂಬಳ, ನಮಗೊಂದು ಸಂಬಳ ಎಂಬುದನ್ನು ಜಾಹೀರಾತಿನಲ್ಲೇ ಅಚ್ಚು ಹಾಕಿರುತ್ತಾರೆ. ಅದನ್ನು ನುಂಗಿಕೊಂಡು ಹೋಗುವುದೋ ಬೇಡವೋ ಅವರವರ ಮನಸ್ಸು. ಓದಿ ತಿಳಿದೇ ಹೋಗಲಿ.

ನುಂಗಬಾರದ ಮಾತು ಒಂದಿದೆ: 'ಮೊದಲು ಟೂರಿಸ್ಟ್ ವೀಸಾದಲ್ಲಿ ಬನ್ನಿ, ಇಲ್ಲಿ ಬಂದ ಮೇಲೆ ಬದಲಾಯಿಸೋಣ.' ಕೆಲಸದ ಪರ್ಮಿಟ್ ಇಲ್ಲದೆ ತರಗತಿಗೆ ಕಾಲಿಟ್ಟ ದಿನದಿಂದ ಶಿಕ್ಷಕಿ ಅಪರಾಧಿ, ಮಾಲೀಕನ ಕೈಯಲ್ಲಿ ಅವಳ ಜುಟ್ಟು. ಸಂಬಳ ಕೊಡದಿದ್ದರೆ ದೂರು ಕೊಡಲು ಪೊಲೀಸರ ಹತ್ತಿರ ಹೋಗುವಂತಿಲ್ಲ. ಇದಕ್ಕೂ ಘೋರವಾದದ್ದು ನಡೆದಿದೆ. ಥಾಯ್ಲೆಂಡಿನಲ್ಲಿ ಕೆಲಸ ಎಂದು ಕರೆಸಿಕೊಂಡು ಗಡಿಯಾಚೆ ಮ್ಯಾನ್ಮಾರಿನ ಮ್ಯಾವಡ್ಡಿಗೆ ಸಾಗಿಸಿ ಆನ್‌ಲೈನ್ ವಂಚನೆಯ ಕೂಪದಲ್ಲಿ ಭಾರತೀಯ ಯುವಕರನ್ನು ಕೂಡಿಹಾಕಿದ ಪ್ರಕರಣಗಳ ಬಳಿಕ, 2022ರ ಸೆಪ್ಟೆಂಬರಿನಲ್ಲಿ ವಿದೇಶಾಂಗ ಸಚಿವಾಲಯವೇ ಎಚ್ಚರಿಕೆ ಹೊರಡಿಸಬೇಕಾಯಿತು. ಅಲ್ಲಿ ಬಲೆ ಬೀಸಿದ್ದು ಐಟಿ ಹುದ್ದೆಗಳ ಹೆಸರಿನಲ್ಲಿ. ಇಂಗ್ಲಿಷ್ ಚೆನ್ನಾಗಿ ಬರುವವರೇ ಅಂಥ ದಂಧೆಗೆ ಬೇಕು ಎಂಬುದನ್ನು ಇಂಗ್ಲಿಷ್ ಶಿಕ್ಷಕರು ನೆನಪಿಟ್ಟರೆ ಸಾಕು.

ನನ್ನನ್ನು ಕೇಳಿದರೆ, ಹೊಸದಾಗಿ ಬಿ.ಎಡ್. ಮುಗಿಸಿದ ಕನ್ನಡದ ಹುಡುಗ ಹುಡುಗಿಯರಿಗೆ ರೋಮಾಂಚನವಿಲ್ಲದ, ಆದರೆ ಗಟ್ಟಿಯಾದ ದಾರಿ ಗಲ್ಫಿನದೇ. ಕೊಲ್ಲಿ ದೇಶಗಳಲ್ಲಿ ಸಿಬಿಎಸ್‌ಇ ಪಠ್ಯಕ್ರಮದ ಶಾಲೆಗಳಿಗೆ ದಶಕಗಳ ಚರಿತ್ರೆಯಿದೆ. ಇಂಡಿಯನ್ ಸ್ಕೂಲ್ ಮಸ್ಕತ್ ಆರಂಭವಾದದ್ದು 1975ರಲ್ಲಿ. ಇಲ್ಲಿ ಶಿಕ್ಷಕಿಯ ಪಾಸ್‌ಪೋರ್ಟ್ ಭಾರತದ್ದು ಎಂಬುದು ಕೊರತೆಯಲ್ಲ, ಮಕ್ಕಳದೂ ಅದೇ. ಮಂಗಳೂರು, ಉಡುಪಿ, ಭಟ್ಕಳದ ಕಡೆ ಈ ಮಾಹಿತಿಗೆ ಯಾವ ಲೇಖನವೂ ಬೇಡ. 'ಅತ್ತಿಗೇ, ನಿಮ್ಮ ಶಾಲೆಯಲ್ಲಿ ವೇಕೆನ್ಸಿ ಉಂಟಾ?' ಎಂಬ ಒಂದು ವಾಟ್ಸಾಪ್ ಮೆಸೇಜಿನಲ್ಲಿ ಅರ್ಧ ಕೆಲಸ ಮುಗಿಯುತ್ತದೆ. ತುಮಕೂರು, ಕೊಪ್ಪಳದವರಿಗೆ ಆ ಅತ್ತಿಗೆ ಇಲ್ಲ, ಅವರು ಏಜೆಂಟನ ಬಾಗಿಲಿಗೆ ಹೋಗುತ್ತಾರೆ.

ಜಾಹೀರಾತಿನಲ್ಲಿ ಕಾಣದ ಸಂಗತಿಯೊಂದು ಇಲ್ಲಿದೆ. ಗಲ್ಫಿನ ಭಾರತೀಯ ಶಾಲೆಗಳು ಮೊದಲು ಹುಡುಕುವುದು ಆಗಲೇ ಅಲ್ಲಿ ನೆಲೆಸಿರುವ ಶಿಕ್ಷಕಿಯರನ್ನು. ಗಂಡನ ವೀಸಾದ ಮೇಲೆ ಇರುವವಳಿಗೆ ಶಾಲೆ ಮನೆ ಕೊಡಬೇಕಿಲ್ಲ, ವೀಸಾದ ಖರ್ಚಿಲ್ಲ, ಊರಿನಿಂದ ಕರೆಸುವ ಟಿಕೆಟ್ಟಿಲ್ಲ. ಬೆಂಗಳೂರಿನಲ್ಲಿ ಕೂತು ಅರ್ಜಿ ಹಾಕುವ ಒಂಟಿ ಅಭ್ಯರ್ಥಿ ಈ ಉಳಿತಾಯದ ಜೊತೆ ಸ್ಪರ್ಧಿಸಬೇಕು. ಅದಕ್ಕೇ ಎರಡು ವರ್ಷದ ಅನುಭವ ಕೇಳುತ್ತಾರೆ, ಕರೆಸುವ ಖರ್ಚು ದಕ್ಕಬೇಕಲ್ಲ. ಇನ್ನೊಂದು ಮಾತು: ಅದೇ ದುಬೈಯಲ್ಲಿ ಬ್ರಿಟಿಷ್ ಪಠ್ಯಕ್ರಮದ ಶಾಲೆ ಕೊಡುವ ಸಂಬಳಕ್ಕೂ ಭಾರತೀಯ ಶಾಲೆ ಕೊಡುವ ಸಂಬಳಕ್ಕೂ ಅಜಗಜಾಂತರ. ಸಹಪಾಠಿ ಹೇಳಿದ ಅಂಕಿ ಯಾವ ಬಗೆಯ ಶಾಲೆಯದು ಎಂದು ಕೇಳದೆ ಕನಸು ಕಾಣಬೇಡಿ.

ಮಾಲ್ಡೀವ್ಸ್‌ಗೆ ಭಾರತದ ಶಿಕ್ಷಕರು ಹೋಗುತ್ತಿರುವುದೂ ಹಳೆಯ ಸಂಪ್ರದಾಯ. ಅಲ್ಲಿನ ಶಾಲೆಗಳಲ್ಲಿ ಪಾಠ ಇಂಗ್ಲಿಷಿನಲ್ಲೇ. ಪೋಸ್ಟಿಂಗ್ ಮಾತ್ರ ರೆಸಾರ್ಟ್ ದ್ವೀಪಕ್ಕಲ್ಲ, ಅರ್ಧ ಗಂಟೆಯಲ್ಲಿ ಸುತ್ತಿಬರಬಹುದಾದ ಪುಟ್ಟ ದ್ವೀಪಕ್ಕೂ ಆಗಬಹುದು. ಸಂಬಳ ರುಫಿಯಾದಲ್ಲಿ. ಡಾಲರಿಗೆ ಬದಲಾಯಿಸಿ ಊರಿಗೆ ಕಳಿಸಲು ಬ್ಯಾಂಕುಗಳಲ್ಲಿ ಮಿತಿಯಿರುತ್ತದೆ, ಹೊರಗೆ ಡಾಲರ್ ದುಬಾರಿ. ಸಂದರ್ಶನದಲ್ಲಿ ಕೇಳಬೇಕಾದ ಮೊದಲ ಪ್ರಶ್ನೆ ಸಂಬಳ ಎಷ್ಟು ಎಂಬುದಲ್ಲ, ಅದರಲ್ಲಿ ಎಷ್ಟನ್ನು ಮನೆಗೆ ಕಳಿಸಬಹುದು ಎಂಬುದು.

ಈಗ ಕಾಗದಪತ್ರ. ಹೊಸಬರ ಅವಕಾಶ ಕೈತಪ್ಪುವುದು ಸಂದರ್ಶನಕ್ಕಿಂತ ಇಲ್ಲೇ ಹೆಚ್ಚು. ಬಿ.ಎಡ್. ಫಲಿತಾಂಶ ಬಂದ ಕೂಡಲೇ ಕೈಗೆ ಸಿಗುವುದು ಅಂಕಪಟ್ಟಿ ಮತ್ತು ಪ್ರೊವಿಷನಲ್ ಸರ್ಟಿಫಿಕೇಟು. ಹೊರದೇಶಕ್ಕೆ ದೃಢೀಕರಣ ಆಗಬೇಕಾದದ್ದು ಘಟಿಕೋತ್ಸವದ ಮೂಲ ಪದವಿ ಪ್ರಮಾಣಪತ್ರ. ನಮ್ಮ ವಿಶ್ವವಿದ್ಯಾಲಯಗಳಲ್ಲಿ ಘಟಿಕೋತ್ಸವ ಯಾವಾಗ ಎಂದು ಕುಲಪತಿಗಳಿಗೂ ಖಚಿತವಿರುವುದಿಲ್ಲ. ಶುಲ್ಕ ಕಟ್ಟಿ ಮುಂಚಿತವಾಗಿ ಪ್ರಮಾಣಪತ್ರ ಪಡೆಯಲು ಅವಕಾಶವಿದೆಯೇ ಎಂದು ಕೊನೆಯ ಸೆಮಿಸ್ಟರಿನಲ್ಲೇ ವಿಚಾರಿಸಿಕೊಂಡವರು ಮುಂದೆ ತಿಂಗಳುಗಳನ್ನು ಉಳಿಸಿಕೊಳ್ಳುತ್ತಾರೆ.

ಎರಡನೆಯದು ನಮ್ಮ ಇನಿಶಿಯಲ್ಲಿನ ಪೀಡೆ. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ 'ರಮ್ಯಾ ಎಚ್.ಎನ್.', ಪದವಿಯಲ್ಲಿ 'ಎಚ್.ಎನ್. ರಮ್ಯಾ', ಪಾಸ್‌ಪೋರ್ಟಿನಲ್ಲಿ 'ರಮ್ಯಾ ಹೊಸಹಳ್ಳಿ ನಾರಾಯಣಪ್ಪ', ಮದುವೆಯಾದ ಮೇಲೆ ಆಧಾರಿನಲ್ಲಿ ಗಂಡನ ಹೆಸರು. ನಮಗೆ ನಾಲ್ಕೂ ಒಬ್ಬಳೇ ರಮ್ಯಾ, ಅಬುಧಾಬಿಯ ಗುಮಾಸ್ತನಿಗೆ ನಾಲ್ಕು ಜನ. ಸರ್‌ನೇಮ್ ಕಾಲಂ ಖಾಲಿ ಬಿಟ್ಟವರಿಗೆ ಬೇರೆ ತೊಂದರೆ. 2022ರ ನವೆಂಬರಿನಲ್ಲಿ ಯುಎಇ ಪಾಸ್‌ಪೋರ್ಟಿನಲ್ಲಿ ಒಂದೇ ಹೆಸರಿರುವ ಪ್ರವಾಸಿ ವೀಸಾದಾರರನ್ನು ಬಿಟ್ಟುಕೊಳ್ಳುವುದಿಲ್ಲ ಎಂದಿತು, ಆಮೇಲೆ ಎರಡನೇ ಪುಟದಲ್ಲಿ ತಂದೆಯ ಹೆಸರಿದ್ದರೆ ಆಗಬಹುದು ಎಂದು ಸಡಿಲಿಸಿತು. ಕೆಲಸಕ್ಕೆ ಅರ್ಜಿ ಹಾಕುವ ಮುಂಚೆಯೇ ಪಾಸ್‌ಪೋರ್ಟಿನ ಹೆಸರನ್ನು ಪದವಿಯ ಹೆಸರಿಗೆ ಹೊಂದಿಸಿಕೊಳ್ಳುವುದು ಬುದ್ಧಿವಂತಿಕೆ.

ಆಮೇಲೆ ಮುದ್ರೆಗಳ ಯಾತ್ರೆ. ಮೊದಲು ರಾಜ್ಯ ಸರ್ಕಾರದ ಹಂತದಲ್ಲಿ ದೃಢೀಕರಣ, ಅಲ್ಲಿಂದ ವಿದೇಶಾಂಗ ಸಚಿವಾಲಯ. ಮುಂದಿನದು ದೇಶದ ಮೇಲೆ ಅವಲಂಬಿಸಿದೆ. ಹೇಗ್ ಒಪ್ಪಂದಕ್ಕೆ ಸಹಿ ಹಾಕಿದ ದೇಶವಾದರೆ ಸಚಿವಾಲಯದ ಅಪೊಸ್ಟಿಲ್ ಎಂಬ ಚೀಟಿಯೊಂದೇ ಸಾಕು, ರಾಯಭಾರ ಕಚೇರಿಗೆ ಅಲೆಯಬೇಕಿಲ್ಲ. ಭಾರತ 2005ರಿಂದ ಅದರಲ್ಲಿದೆ. ಒಮಾನ್, ಬಹರೇನ್ ಇವೆ, ಸೌದಿ 2022ರ ಡಿಸೆಂಬರಿನಲ್ಲಿ ಸೇರಿತು. ಯುಎಇ, ಕುವೈತ್ ಹಳೆಯ ಪದ್ಧತಿಯಲ್ಲೇ ಇವೆ: ಸಚಿವಾಲಯದ ನಂತರ ಆ ದೇಶದ ರಾಯಭಾರ ಕಚೇರಿ, ಅಲ್ಲಿಗೆ ಹೋದ ಮೇಲೆ ಅವರ ವಿದೇಶಾಂಗ ಇಲಾಖೆಯ ಮುದ್ರೆ. ಅಪೊಸ್ಟಿಲ್‌ಗೆ ಸಚಿವಾಲಯ ವಿಧಿಸುವುದು ದಾಖಲೆಗೆ ಐವತ್ತು ರೂಪಾಯಿ. ಏಜೆನ್ಸಿಗಳು ಹೇಳುವ ಸಾವಿರಗಳಲ್ಲಿ ಉಳಿದದ್ದೆಲ್ಲ ಓಡಾಟದ ಕೂಲಿ ಮತ್ತು ಲಾಭ. ಪೊಲೀಸ್ ಕ್ಲಿಯರೆನ್ಸನ್ನು ಕೊನೆಗೆ ಮಾಡಿಸಿ, ಅದರ ಆಯುಷ್ಯ ಚಿಕ್ಕದು.

ಏಜೆಂಟರ ವಿಷಯದಲ್ಲಿ ಕಾನೂನು ಸ್ಪಷ್ಟವಿದೆ. 1983ರ ಎಮಿಗ್ರೇಷನ್ ಕಾಯ್ದೆಯಡಿ ನೋಂದಾಯಿತರಾದವರಷ್ಟೇ ಹೊರದೇಶಕ್ಕೆ ಕೆಲಸಗಾರರನ್ನು ಕಳಿಸಬಹುದು, ಅಭ್ಯರ್ಥಿಯಿಂದ ಪಡೆಯುವ ಸೇವಾ ಶುಲ್ಕ 30,000 ರೂಪಾಯಿ ಮತ್ತು ಜಿಎಸ್‌ಟಿಯನ್ನು ಮೀರುವಂತಿಲ್ಲ. ನೋಂದಾಯಿತರ ಪಟ್ಟಿ ಇ-ಮೈಗ್ರೇಟ್ ಜಾಲತಾಣದಲ್ಲಿದೆ, ಹೆಸರು ಹಾಕಿ ನೋಡಲು ಎರಡು ನಿಮಿಷ. ಆದರೂ ಎರಡು ಲಕ್ಷ ಕೊಟ್ಟು ರಸೀದಿಯನ್ನೂ ಕೇಳದ ವಿದ್ಯಾವಂತರಿದ್ದಾರೆ. ಕೇಳಿದರೆ 'ಅವರು ನಮ್ಮ ಮಾವನಿಗೆ ಗೊತ್ತಿರೋರು' ಎನ್ನುತ್ತಾರೆ. ಯುಎಇಯ 2021ರ ಕಾರ್ಮಿಕ ಕಾನೂನಿನ ಪ್ರಕಾರ ನೇಮಕಾತಿಯ ಖರ್ಚನ್ನು ಮಾಲೀಕ ನೌಕರರಿಂದ ವಸೂಲಿ ಮಾಡುವಂತಿಲ್ಲ. ಅಂದರೆ ಶಾಲೆಯ ಪರವಾಗಿ 'ವೀಸಾ ಚಾರ್ಜು' ಕೇಳಿದರೆ ಅದು ಶಾಲೆಗೆ ಹೋಗುವ ದುಡ್ಡಲ್ಲ, ಅಥವಾ ಅದು ಹೋಗಬಾರದ ಶಾಲೆ.

ಆಫರ್ ಲೆಟರಿನಲ್ಲಿ ಎಲ್ಲರ ಕಣ್ಣು ಒಟ್ಟು ಸಂಬಳದ ಮೇಲೆ. ನೋಡಬೇಕಾದದ್ದು ಮೂಲ ವೇತನ. ಯುಎಇಯಲ್ಲಿ ವರ್ಷ ತುಂಬಿಸಿದವರಿಗೆ ಕೆಲಸ ಬಿಡುವಾಗ ಸಿಗುವ ಗ್ರಾಚ್ಯುಟಿ, ಮೊದಲ ಐದು ವರ್ಷಗಳಿಗೆ ವರ್ಷಕ್ಕೆ 21 ದಿನದ ಮೂಲ ವೇತನದ ಲೆಕ್ಕ. ಒಟ್ಟು 4,000 ದಿರ್ಹಾಂ ಎಂದಿಟ್ಟುಕೊಳ್ಳಿ, ಅದರಲ್ಲಿ ಮೂಲ ವೇತನ 1,500 ಮಾತ್ರ ಎಂದು ಬರೆದಿದ್ದರೆ ವರ್ಷಕ್ಕೆ ಸಿಗುವುದು 1,050 ದಿರ್ಹಾಂ. ಮೂಲವೇ 3,000 ಆಗಿದ್ದರೆ 2,100. ಬೇಸಿಗೆ ರಜೆಗೆ ಸಂಬಳ ಉಂಟೇ, ಮೊದಲ ವರ್ಷವೂ ಉಂಟೇ? ವಸತಿ ಎಂದರೆ ಕೋಣೆಯೋ, ಹಾಸಿಗೆಯೋ? ವಾರಕ್ಕೆ ಎಷ್ಟು ಪಿರಿಯಡ್? ಬಸ್ ಡ್ಯೂಟಿ ಇದೆಯೇ? ಇವನ್ನು ಕೇಳಿದರೆ ಕೆಲಸ ತಪ್ಪಿಹೋಗುತ್ತದೆ ಎಂದು ನಮ್ಮವರಿಗೆ ಸಂಕೋಚ. ಒಳ್ಳೆಯ ಪ್ರಿನ್ಸಿಪಾಲರು ಕೇಳಿದವರನ್ನೇ ಗುರುತಿಟ್ಟುಕೊಳ್ಳುತ್ತಾರೆ.

ಯುಎಇಯ ಭಾರತೀಯ ಶಾಲೆಗಳ ವರ್ಷ ಏಪ್ರಿಲಿನಲ್ಲಿ ಶುರು, ಬ್ರಿಟಿಷ್ ಮತ್ತು ಅಮೆರಿಕನ್ ಪಠ್ಯಕ್ರಮದವು ಆಗಸ್ಟ್ ಕೊನೆಗೆ. ಥಾಯ್ಲೆಂಡಿನ ಶಾಲೆಗಳು ಮೇ ಮಧ್ಯದಲ್ಲಿ ತೆರೆಯುತ್ತವೆ. ಏಪ್ರಿಲಿನ ಹುದ್ದೆಗೆ ಹುಡುಕಾಟ ಚಳಿಗಾಲದಲ್ಲೇ ಆರಂಭವಾಗುವುದರಿಂದ, ಜೂನಿನಲ್ಲಿ ಫಲಿತಾಂಶ ಕಂಡವರು ಆ ವರ್ಷವನ್ನು ಹೇಗೂ ಊರಿನಲ್ಲೇ ಕಳೆಯಬೇಕು. ಎರಡು ವರ್ಷದ ಅನುಭವದ ಷರತ್ತು ಸೇರಿದರೆ ಇನ್ನೊಂದು. ಆ ಅವಧಿಯನ್ನು ಮನೆಪಾಠದಲ್ಲಿ ಕಳೆದರೆ ಎಲ್ಲೂ ಲೆಕ್ಕಕ್ಕೆ ಬರುವುದಿಲ್ಲ. ಸಂಬಳ ಕಡಿಮೆಯಾದರೂ ಸಿಬಿಎಸ್‌ಇ ಅಥವಾ ಐಸಿಎಸ್‌ಇ ಶಾಲೆಯೊಂದಕ್ಕೆ ಸೇರಿ, ನೇಮಕಾತಿ ಆದೇಶ, ಬ್ಯಾಂಕಿಗೆ ಬರುವ ಸಂಬಳ, ಲೆಟರ್‌ಹೆಡ್ಡಿನಲ್ಲಿ ಅನುಭವ ಪತ್ರ, ಈ ಮೂರನ್ನೂ ಗಟ್ಟಿ ಮಾಡಿಕೊಳ್ಳಿ. ಕೈಗೆ ನಗದು ಎಣಿಸಿ ಕೊಡುವ ಶಾಲೆಯ ಅನುಭವ ಪತ್ರವನ್ನು ಹೊರದೇಶದವರು ಪರಿಶೀಲಿಸಲು ಹೊರಟಾಗ ಫೋನ್ ಎತ್ತುವವರೇ ಇರುವುದಿಲ್ಲ. ಪ್ರೌಢಶಾಲೆಯ ಜೊತೆಗೆ ಒಂದೆರಡು ಪ್ರೈಮರಿ ಪಿರಿಯಡ್ ಕೇಳಿ ಪಡೆಯಿರಿ. ಷೇಕ್ಸ್‌ಪಿಯರ್ ಕಲಿಸಬಲ್ಲವರ ಸಾಲು ಉದ್ದವಿದೆ, ಆರು ವರ್ಷದ ಮಗುವಿಗೆ ಫೋನಿಕ್ಸ್ ಹೇಳಿಕೊಡಬಲ್ಲವರದು ಅಷ್ಟಿಲ್ಲ. ಆನ್‌ಲೈನ್ ಡೆಮೊ ಕ್ಲಾಸಿನಲ್ಲಿ ಅವರು ಹೆಚ್ಚಾಗಿ ಕೇಳುವುದೂ ಅದನ್ನೇ.